ತಿದ್ದುವವರು ಕಟ್ಟಿದ ವಿಶ್ವಕೋಶ

ವಿಕಿಪೀಡಿಯಕ್ಕೆ ಒಬ್ಬ ಅಣ್ಣನಿದ್ದ. ಹೆಸರು ನ್ಯೂಪೀಡಿಯ. 2000ದ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಹುಟ್ಟಿ 2003ರಲ್ಲಿ ತೀರಿಕೊಂಡ. ಹಣ ಹಾಕಿದವರು ಜಿಮ್ಮಿ ವೇಲ್ಸ್. ಪ್ರಧಾನ ಸಂಪಾದಕರು ತತ್ವಶಾಸ್ತ್ರ ಓದಿಕೊಂಡಿದ್ದ ಲ್ಯಾರಿ ಸ್ಯಾಂಗರ್. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದಾದ ವಿಶ್ವಕೋಶ ಕಟ್ಟುವುದು ಅವರ ಗುರಿ. ಬರೆಯುವವರು ಆಯಾ ವಿಷಯದ ಪಂಡಿತರೇ ಆಗಿರಬೇಕು, ಬರೆದದ್ದು ಏಳು ಹಂತಗಳ ಪರಿಶೀಲನೆ ದಾಟಬೇಕು ಎಂಬ ಕಟ್ಟುನಿಟ್ಟು ಬೇರೆ. ಕಾಗದದ ಮೇಲೆ ಈ ವ್ಯವಸ್ಥೆಯಲ್ಲಿ ಹುಳುಕು ಹುಡುಕುವುದೇ ಕಷ್ಟ. ಆದರೆ ಮೊದಲ ವರ್ಷದಲ್ಲಿ ಏಳೂ ಹಂತ ದಾಟಿ ಹೊರಬಂದ ಲೇಖನಗಳು ಎರಡು ಡಜನ್ನಿಗೂ ಕಡಿಮೆ.

ಕರಡುಗಳಾದರೂ ಬೇಗ ಸಿದ್ಧವಾಗಲಿ ಎಂದು ಪಕ್ಕದಲ್ಲೇ ಇನ್ನೊಂದು ತಾಣ ತೆರೆದರು. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರ್ 1995ರಲ್ಲಿ ರೂಪಿಸಿದ್ದ ತಂತ್ರವನ್ನು ಅದಕ್ಕೆ ಬಳಸಿಕೊಂಡರು. ಅದರಲ್ಲಿ ಓದುಗರೇ ಗುಂಡಿ ಒತ್ತಿ ಪುಟವನ್ನು ತಿದ್ದಬಹುದು. ಹಳೆಯ ಪ್ರತಿಗಳು ಅಳಿಯದೆ ಉಳಿಯುತ್ತವೆ. 2001ರ ಜನವರಿ 15ರಂದು ಶುರುವಾದ ಆ ತಾಣವೇ ವಿಕಿಪೀಡಿಯ. ವರ್ಷ ತುಂಬುವ ಹೊತ್ತಿಗೆ ಅಲ್ಲಿ 20,000ದ ಆಸುಪಾಸು ಲೇಖನಗಳಿದ್ದವು.

ಪಂಡಿತರಿಗೆ ಎರಡು ಡಜನ್ ಮುಗಿಸಲಾಗದ ಕಡೆ ದಾರಿಹೋಕರು 20,000 ಬರೆದರೆಂದರೆ ಅದೆಲ್ಲ ಜೊಳ್ಳೇ ಇರಬೇಕು ಎಂದು ಅನೇಕರು ಮೂಗು ಮುರಿದರು. 2005ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆ ಒಂದು ಪರೀಕ್ಷೆ ಮಾಡಿತು. ವಿಕಿಪೀಡಿಯ ಮತ್ತು ಬ್ರಿಟಾನಿಕ ಎರಡರಿಂದಲೂ ವಿಜ್ಞಾನದ ಲೇಖನಗಳನ್ನು ಆರಿಸಿ, ಯಾವುದು ಯಾವ ವಿಶ್ವಕೋಶದ್ದೆಂದು ಹೇಳದೆ ತಜ್ಞರ ಕೈಗೆ ಕೊಟ್ಟಿತು. 42 ಜೋಡಿ ಲೇಖನಗಳ ತೀರ್ಪು ಬಂತು. ಗಂಭೀರ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಸಣ್ಣಪುಟ್ಟ ತಪ್ಪು, ಲೋಪಗಳು ವಿಕಿಪೀಡಿಯದಲ್ಲಿ 162, ಬ್ರಿಟಾನಿಕದಲ್ಲಿ 123. ಪರೀಕ್ಷೆಯ ಕ್ರಮವೇ ಸರಿಯಿಲ್ಲ ಎಂದು ಬ್ರಿಟಾನಿಕ ಸಿಟ್ಟಾಯಿತು, ‘ನೇಚರ್’ ಜಗ್ಗಲಿಲ್ಲ. ವಿಕಿಪೀಡಿಯ ಗೆಲ್ಲಲಿಲ್ಲ, ನಿಜ. ಆದರೆ ಸಂಬಳವಿಲ್ಲದ, ಮುಖ ನೋಡದ, ಯಾರೂ ನೇಮಿಸದ ಜನರ ಗುಂಪೊಂದು ಶತಮಾನಗಳ ಪರಂಪರೆಯುಳ್ಳ ಸಂಸ್ಥೆಯ ಹತ್ತಿರ ಹತ್ತಿರ ಬಂದು ನಿಂತದ್ದು ಹೇಗೆ? ಇದನ್ನು ಕೆದಕುತ್ತ ಹೋದವರು ಕಂಪ್ಯೂಟರ್ ವಿಜ್ಞಾನಿಗಳು, ಸಮಾಜವಿಜ್ಞಾನಿಗಳು, ಭೌತವಿಜ್ಞಾನಿಗಳು. ಪ್ರತಿ ತಿದ್ದುಪಡಿಯ ದಾಖಲೆಯೂ ಕ್ಷಣದ ಲೆಕ್ಕದಲ್ಲಿ ಎಲ್ಲರಿಗೂ ತೆರೆದಿರುವಾಗ ಸಂಶೋಧಕರಿಗೆ ಇನ್ನೇನು ಬೇಕು?

ಫ್ರಾನ್ಸಿನ ಜೀವವಿಜ್ಞಾನಿ ಪಿಯರ್-ಪಾಲ್ ಗ್ರಾಸೆ ಇಂಥದೇ ಪ್ರಶ್ನೆಯನ್ನು ಗೆದ್ದಲಿನ ಬಗ್ಗೆ ಕೇಳಿಕೊಂಡಿದ್ದರು. ಹುತ್ತ ಕಟ್ಟುವ ಗೆದ್ದಲಿಗೆ ಮೇಸ್ತ್ರಿಯಿಲ್ಲ, ನಕ್ಷೆಯಿಲ್ಲ. ರಾಣಿಯೇನೋ ಇದ್ದಾಳೆ, ಮೊಟ್ಟೆಯಿಡುತ್ತಾಳೆ, ಅಪ್ಪಣೆ ಕೊಡುವುದಿಲ್ಲ. ಒಂದು ಹುಳು ಮಣ್ಣಿನ ಉಂಡೆಯನ್ನಿಟ್ಟು ಹೋಗುತ್ತದೆ. ಆ ಉಂಡೆಯೇ ಹಿಂದೆ ಬರುವ ಹುಳುವಿಗೆ ಸೂಚನೆ: ನಿನ್ನದನ್ನೂ ಇಲ್ಲೇ ಇಡು. ಆದ ಕೆಲಸವೇ ಮುಂದಿನ ಕೆಲಸವನ್ನು ಹುಟ್ಟಿಸುವ ಈ ಕ್ರಮಕ್ಕೆ ಗ್ರಾಸೆ 1959ರಲ್ಲಿ ‘ಸ್ಟಿಗ್ಮರ್ಜಿ’ ಎಂದು ಹೆಸರಿಟ್ಟರು.

ವಿಕಿಪೀಡಿಯದ ಉಂಡೆ ಕೆಂಪು ಬಣ್ಣದ್ದು. ಬರೆಯುವಾಗ ಇನ್ನೂ ಇಲ್ಲದ ಲೇಖನವೊಂದಕ್ಕೆ ಕೊಂಡಿ ಹಾಕಿದರೆ ಅದು ಕೆಂಪಾಗಿ ಕಾಣುತ್ತದೆ. ‘ಇಲ್ಲಿ ಒಂದು ಪುಟ ಬೇಕಾಗಿದೆ’ ಎಂದು ಅದರರ್ಥ. ಅಥೆನ್ಸಿನ ಸಂಶೋಧಕರಾದ ಸ್ಪಿನೆಲಿಸ್ ಮತ್ತು ಲೂರಿಡಾಸ್ ಇಂಗ್ಲಿಷ್ ವಿಕಿಪೀಡಿಯದ ಇಡೀ ಇತಿಹಾಸವನ್ನು ಜಾಲಾಡಿ 2008ರಲ್ಲಿ ತೋರಿಸಿದ ಪ್ರಕಾರ, ಹೊಸ ಲೇಖನಗಳು ಹೆಚ್ಚಾಗಿ ಇಂಥ ಕೊಂಡಿ ಬಿದ್ದ ಸ್ವಲ್ಪ ಕಾಲದಲ್ಲೇ ಹುಟ್ಟುತ್ತವೆ. ಕೊಂಡಿ ಹಾಕಿದವರು ಒಬ್ಬರು, ಬಹುಪಾಲು ಸಲ ಲೇಖನ ಶುರುಮಾಡಿದವರು ಇನ್ನೊಬ್ಬರು. ಅವರಿಬ್ಬರ ನಡುವೆ ಒಂದು ಮಾತೂ ನಡೆದಿರಬೇಕಿಲ್ಲ.

ಗೆದ್ದಲಿನ ಹೋಲಿಕೆ ಇಷ್ಟಕ್ಕೇ ಸಾಕು. ಹುತ್ತ ಕೆಡವುವ ಗೆದ್ದಲಿಲ್ಲ; ವಿಕಿಪೀಡಿಯದಲ್ಲಿ ಅಂಥವರು ದಿನಕ್ಕೆ ಸಾವಿರಾರು.

ಹಾಗಾದರೆ ಬರೆಯುವವರು ಯಾರು? ಈ ಬಗ್ಗೆ 2006ರಲ್ಲೊಂದು ಸ್ವಾರಸ್ಯದ ವಾದ ನಡೆಯಿತು. ಅರ್ಧಕ್ಕಿಂತ ಹೆಚ್ಚು ತಿದ್ದುಪಡಿಗಳನ್ನು ಮಾಡುವವರು ನೋಂದಾಯಿತ ಬಳಕೆದಾರರಲ್ಲಿ ಶೇಕಡಾ 1 ಕೂಡ ಇಲ್ಲ, ಐನೂರು ಚಿಲ್ಲರೆ ಮಂದಿ ಅಷ್ಟೇ ಎಂದು ಜಿಮ್ಮಿ ವೇಲ್ಸ್ ಹೇಳುತ್ತಿದ್ದರು. ಆರನ್ ಸ್ವಾರ್ಟ್ಸ್ ಎಂಬ ತರುಣ ಪ್ರೋಗ್ರಾಮರ್‌ಗೆ ಈ ಲೆಕ್ಕ ಸರಿಕಾಣಲಿಲ್ಲ. ತಿದ್ದುಪಡಿ ಎಣಿಸುವ ಬದಲು ಅವರು ಅಕ್ಷರಗಳನ್ನು ಎಣಿಸಿದರು: ಇವತ್ತು ಪುಟದಲ್ಲಿ ಉಳಿದಿರುವ ಅಕ್ಷರಗಳಲ್ಲಿ ಯಾರದ್ದೆಷ್ಟು? ಅಲನ್ ಆಲ್ಡಾ ಎಂಬ ನಟನ ಪುಟದಿಂದ ಆರಂಭಿಸಿ ಕೆಲವು ಪುಟಗಳನ್ನು ನೋಡಿದಾಗ ಚಿತ್ರ ತಲೆಕೆಳಗಾಯಿತು. ಹುರುಳಿರುವ ಪ್ಯಾರಾಗಳನ್ನು ಸೇರಿಸಿದವರು ಅಪರೂಪಕ್ಕೆ ಬರುವವರು, ಎಷ್ಟೋ ಸಲ ಖಾತೆಯನ್ನೂ ತೆರೆಯದವರು. ತಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಬರೆದು ಅವರು ಹೋಗಿಬಿಟ್ಟಿದ್ದಾರೆ. ಆ ಐನೂರು ಮಂದಿ ಕಾಗುಣಿತ ಸರಿಪಡಿಸಿ, ವರ್ಗ ಹಚ್ಚಿ, ಆಧಾರ ಕೇಳಿ, ಎಲ್ಲ ಪುಟಗಳಿಗೂ ಒಂದೇ ಶಿಸ್ತು ತಂದಿದ್ದಾರೆ. ವೇಲ್ಸ್ ಮತ್ತು ಸ್ವಾರ್ಟ್ಸ್ ಇಬ್ಬರೂ ಸರಿ ಎನ್ನುವುದು ನನ್ನ ಅಭಿಪ್ರಾಯ. ಅವರು ಎಣಿಸಿದ್ದು ಎರಡು ಬೇರೆ ಕೆಲಸಗಳನ್ನು. ಎರಡನೆಯ ಕೆಲಸವನ್ನು ಯಾರೂ ಹೊಗಳುವುದಿಲ್ಲ, ಆದರೆ ಅದು ನಿಂತರೆ ಮೊದಲನೆಯದು ನಾಲ್ಕು ದಿನವೂ ಬಾಳದು.

ಫೆರ್ನಾಂಡಾ ವಿಯೇಗಾಸ್, ಐಬಿಎಂ ಸಂಸ್ಥೆಯಲ್ಲಿದ್ದ ಮಾರ್ಟಿನ್ ವಾಟೆನ್‌ಬರ್ಗ್ ಮತ್ತು ಸಂಗಡಿಗರು 2004ರಲ್ಲಿ ಪುಟಗಳ ಇತಿಹಾಸವನ್ನು ಬಣ್ಣದ ಪಟ್ಟಿಗಳಾಗಿ ಬಿಡಿಸಿದರು. ಒಬ್ಬೊಬ್ಬ ಬರಹಗಾರನಿಗೆ ಒಂದೊಂದು ಬಣ್ಣ. ಯಾರೋ ಪುಟವನ್ನೇ ಅಳಿಸಿದ ಕಡೆ ಪಟ್ಟಿ ಕಡಿದುಹೋಗಬೇಕು. ಆದರೆ ಕಾಲಕ್ಕೆ ತಕ್ಕಂತೆ ಎಳೆದ ಚಿತ್ರದಲ್ಲಿ ಆ ಕಡಿತ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಏಕೆಂದರೆ ಅಂಥ ಹಾನಿ ಸಾಮಾನ್ಯವಾಗಿ ಮೂರು ನಿಮಿಷದೊಳಗೆ ಸರಿಯಾಗುತ್ತಿತ್ತು. ‘ಇತ್ತೀಚಿನ ಬದಲಾವಣೆಗಳು’ ಪುಟದ ಮುಂದೆ ಸದಾ ಯಾರಾದರೂ ಕೂತಿರುತ್ತಿದ್ದರು. ಕೆಡಿಸಲು ಎಷ್ಟು ಶ್ರಮ ಬೇಕೋ ಹಿಂದಿನ ಪ್ರತಿಗೆ ಮರಳಿಸಲು ಅದಕ್ಕಿಂತ ಕಡಿಮೆ ಶ್ರಮ ಸಾಕು. ಕನ್ನಿಂಗ್‌ಹ್ಯಾಮ್ ತಂತ್ರದ ನಿಜವಾದ ಜಾಣತನ ಇರುವುದು ಇಲ್ಲಿ. ಮುಂದೆ ಈ ಕಾವಲಿಗೆ ಯಂತ್ರಗಳೂ ಬಂದವು. ಇಂಗ್ಲಿಷಿನಲ್ಲಿ ‘ಕ್ಲೂಬಾಟ್ ಎನ್‌ಜಿ’ ಎಂಬ ತಂತ್ರಾಂಶ ಪೋಲಿ ತಿದ್ದುಪಡಿಗಳ ಮಾದರಿ ಕಲಿತು ಕ್ಷಣಗಳಲ್ಲಿ ಅವನ್ನು ರದ್ದುಮಾಡುತ್ತದೆ.

ಎಲ್ಲ ಕಿಡಿಗೇಡಿತನವೂ ಹೀಗೆ ಸಿಕ್ಕಿಬೀಳುವುದಿಲ್ಲ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೈಗೆಂಥಾಲರ್ ಬಗ್ಗೆ, ಕೆನಡಿ ಸೋದರರ ಹತ್ಯೆಯಲ್ಲಿ ಅವರ ಮೇಲೆ ಅನುಮಾನವಿತ್ತು ಎಂದು ಯಾರೋ ಸುಳ್ಳು ಬರೆದರು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅದು ಹಾಗೇ ಇತ್ತು. ಬೈಗುಳ ಎಲ್ಲರ ಕಣ್ಣಿಗೂ ಕಾಣುತ್ತದೆ; ಸಭ್ಯ ವಾಕ್ಯದ ಸುಳ್ಳನ್ನು ಹಿಡಿಯಲು ವಿಷಯ ಗೊತ್ತಿದ್ದವರು ಆ ಪುಟಕ್ಕೇ ಬರಬೇಕು. ಇನ್ನೊಂದು ಪ್ರಸಂಗ ನಗು ಬರಿಸುವಂಥದು. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ತಮಾಷೆಗೆಂದು ದಕ್ಷಿಣ ಅಮೆರಿಕದ ಕೊವಾಟಿ ಎಂಬ ಪ್ರಾಣಿಗೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂಬ ಅಡ್ಡಹೆಸರಿದೆ ಎಂದು ಸೇರಿಸಿದ. ಬ್ರಿಟನ್ನಿನ ಪತ್ರಿಕೆಗಳು ಅದನ್ನೆತ್ತಿಕೊಂಡವು, ವಿಶ್ವವಿದ್ಯಾಲಯದ ಪುಸ್ತಕವೊಂದರಲ್ಲೂ ಬಂತು. ಆಮೇಲೆ ವಿಕಿಪೀಡಿಯಕ್ಕೆ ಆಧಾರವೂ ಸಿಕ್ಕಿತು! ಬಯಲಾದದ್ದು 2014ರಲ್ಲಿ.

ಜನ ಹೆಚ್ಚಾದರೆ ಲೇಖನ ತಾನಾಗಿ ಸುಧಾರಿಸುತ್ತದೆಯೇ? ಹಾಗೆಂದು ನಂಬಿದವರು ಬಹಳ. ಸಂಶೋಧಕರಾದ ಅನಿಕೇತ್ ಕಿಟ್ಟೂರ್ ಮತ್ತು ರಾಬರ್ಟ್ ಕ್ರೌಟ್ 2008ರಲ್ಲಿ ಈ ನಂಬಿಕೆಗೆ ಒಂದು ಷರತ್ತು ಹಾಕಿದರು. ಹೊಂದಾಣಿಕೆಯ ಏರ್ಪಾಡು ಇದ್ದರೆ ಮಾತ್ರ ಹೊಸಬರು ಸೇರಿದಂತೆ ಗುಣಮಟ್ಟ ಏರುತ್ತದೆ, ಇಲ್ಲದಿದ್ದರೆ ಕೆಡುತ್ತದೆ. ಏರ್ಪಾಡು ಎಂದರೆ ಚರ್ಚೆಯ ಪುಟದಲ್ಲಿ ಮಾತಾಡಿಕೊಳ್ಳುವುದು, ಅಥವಾ ಒಂದಿಬ್ಬರು ಹೆಚ್ಚಿನ ಹೊರೆ ಹೊತ್ತು ಲೇಖನದ ಚೌಕಟ್ಟನ್ನು ಮೊದಲೇ ಕಟ್ಟಿಕೊಡುವುದು. ಅದರಲ್ಲೂ ಬಹಳ ಜನ ಕೈಹಾಕಿದ ಪುಟಗಳಿಗೆ ಈ ಎರಡನೆಯ ದಾರಿಯೇ ಹೆಚ್ಚು ಫಲ ಕೊಟ್ಟಿತ್ತು.

ಜಗಳಗಳ ಮೇಲೂ ಅಧ್ಯಯನ ನಡೆದಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವುದು, ಅವರು ಮತ್ತೆ ಹಾಕುವುದು ಮಿತಿಮೀರಿದಾಗ ಒಂದು ನಿಯಮ ಅಡ್ಡಬರುತ್ತದೆ: 24 ಗಂಟೆಗಳಲ್ಲಿ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹಿಂದಿರುಗಿಸುವಂತಿಲ್ಲ. ಆದರೆ ಭಿನ್ನಾಭಿಪ್ರಾಯವೇ ಕೆಟ್ಟದ್ದು ಎಂದುಕೊಳ್ಳಬೇಡಿ. ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ 2019ರಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಎಡ, ಬಲ ಒಲವಿನ ಸಂಪಾದಕರು ಬೆರೆತ ಪುಟಗಳನ್ನು ಒಂದೇ ಒಲವಿನವರೂ ಮಧ್ಯಮ ನಿಲುವಿನವರೂ ಬರೆದ ಪುಟಗಳೊಂದಿಗೆ ತೂಗಿ ನೋಡಿತು. ಬೆರಕೆ ತಂಡಗಳ ಲೇಖನಗಳೇ ಉತ್ತಮವಾಗಿದ್ದವು, ರಾಜಕೀಯದಲ್ಲಿ ಮಾತ್ರವಲ್ಲ, ವಿಜ್ಞಾನದ ವಿಷಯಗಳಲ್ಲೂ. ಅವರ ಚರ್ಚೆ ಉದ್ದವಾಗಿತ್ತು, ವಿಷಯಕ್ಕೆ ಅಂಟಿಕೊಂಡಿತ್ತು. ಎದುರಾಳಿ ಒಪ್ಪಬೇಕೆಂದರೆ ಆಧಾರ ತಂದಿಡಲೇಬೇಕಲ್ಲ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕೂಡ ಎರಡೂ ಕಡೆಯವರು ಇರುತ್ತಾರೆ. ಆಧಾರ ಕೇಳುವ ಪದ್ಧತಿ ಮಾತ್ರ ಇಲ್ಲ.

ಸಂಬಳವಿಲ್ಲದೆ ಯಾಕಾದರೂ ದುಡಿಯುತ್ತಾರೆ? ಮೈಕೆಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡೆ ರೈಟ್ 2012ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಅತಿ ಹೆಚ್ಚು ದುಡಿಯುವವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಮೆಚ್ಚುಗೆಯ ಒಂದು ನಕ್ಷತ್ರದ ಚಿತ್ರವನ್ನು ಅವರ ಪುಟಕ್ಕೆ ಅಂಟಿಸಿದರು. ನಕ್ಷತ್ರ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ಕೆಲಸ ಸುಮಾರು ಶೇಕಡಾ 60ರಷ್ಟು ಹೆಚ್ಚಿತ್ತು. ಇದರ ಮಗ್ಗುಲಲ್ಲೇ ಕಹಿ ಸುದ್ದಿಯೂ ಇದೆ. ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ತುದಿ ಮುಟ್ಟಿ ಆಮೇಲೆ ಹಲವು ವರ್ಷ ಇಳಿಯಿತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಕಾರಣ ಹೇಳಿದರು: ಕಿಡಿಗೇಡಿಗಳನ್ನು ತಡೆಯಲು ಕಟ್ಟಿದ ಕಾವಲು ಒಳ್ಳೆಯ ಮನಸ್ಸಿನ ಹೊಸಬರನ್ನೂ ಬಾಗಿಲಲ್ಲೇ ತಳ್ಳುತ್ತಿತ್ತು. ಮೊದಲ ಸಲ ಬರೆದದ್ದು ಯಂತ್ರದ ವೇಗದಲ್ಲಿ ಅಳಿದುಹೋದರೆ ಎರಡನೆಯ ಸಲ ಯಾರು ಬರುತ್ತಾರೆ?

ಈ ಶಾಸ್ತ್ರವೆಲ್ಲ ಹೆಚ್ಚಾಗಿ ಇಂಗ್ಲಿಷನ್ನು ನೋಡಿ ಬರೆದದ್ದು. ವಿಕಿಪೀಡಿಯ 300ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಅವುಗಳಲ್ಲಿ ಬಹುಪಾಲು ಕಡೆ ಮೂರು ನಿಮಿಷದ ಕಾವಲಿಲ್ಲ. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಸಾವಿರಾರು ಲೇಖನಗಳನ್ನು ಬರೆದದ್ದು ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ಎಂದು 2020ರಲ್ಲಿ ಹೊರಬಿತ್ತು. ಕಪಟವೇನೂ ಇರಲಿಲ್ಲ, ಉತ್ಸಾಹವಿತ್ತು. ಇಂಗ್ಲಿಷ್ ವಾಕ್ಯಕ್ಕೆ ನಿಘಂಟಿನ ಪದ ಅಂಟಿಸುತ್ತ ಹೋಗಿದ್ದ. ವರ್ಷಗಟ್ಟಲೆ ತಡೆಯುವವರೇ ಇರಲಿಲ್ಲ. ಫಿಲಿಪ್ಪೀನ್ಸಿನ ಸೆಬುವಾನೊ ಭಾಷೆಯಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ಇಂಗ್ಲಿಷನ್ನು ಬಿಟ್ಟರೆ ಅದೇ ದೊಡ್ಡದು ಎನ್ನುವಷ್ಟು. ಆದರೆ ಬಹುತೇಕ ಎಲ್ಲವನ್ನೂ ಬರೆದದ್ದು ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ರೂಪಿಸಿದ ಒಂದು ತಂತ್ರಾಂಶ. ಲೇಖನಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಈ ಎರಡು ಉದಾಹರಣೆಗಳನ್ನು ನೆನಪಿಡುವುದು ಒಳ್ಳೆಯದು.

ಕನ್ನಡದ ಮಾತಿಗೆ ಬರೋಣ. ನಮ್ಮಲ್ಲಿ ವಿಶ್ವಕೋಶದ ಹಂಬಲ ಹೊಸತಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಹೆಗಲ ಮೇಲೆ ಹೊತ್ತು ತಂದರು. ನಿರಂಜನರು ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನು ಕಿರಿಯರಿಗಾಗಿ ಸಂಪಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ 1969ರಲ್ಲಿ ಮೊದಲ ಸಂಪುಟ ಕಂಡು ಹದಿನಾಲ್ಕನೆಯದಕ್ಕೆ ತಲುಪಿದ್ದು 2004ರಲ್ಲಿ. ಅದರ ಸಂಪುಟಗಳನ್ನು ವಿಶ್ವವಿದ್ಯಾನಿಲಯ ಮುಂದೆ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಈಗ 30,000ಕ್ಕೂ ಹೆಚ್ಚು ಲೇಖನಗಳಿವೆ. ಸಂಪಾದಕರು ಸೇರಿ ಚರ್ಚಿಸುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಕರಾವಳಿಯ ಉತ್ಸಾಹಿಗಳ ಶ್ರಮದಿಂದ 2016ರಲ್ಲಿ ತುಳು ವಿಕಿಪೀಡಿಯವೂ ಲೋಕಾರ್ಪಣೆಯಾಯಿತು.

ಆದರೆ ಅರಳಿ ಕಟ್ಟೆಯಲ್ಲಿ ಕೂರುವವರು ಕಡಿಮೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯಿನುಡಿಯವರು 4.37 ಕೋಟಿ, ವಿಕಿಪೀಡಿಯದಲ್ಲಿ ಒಂದು ತಿಂಗಳಲ್ಲಿ ಕೈಯಾಡಿಸುವ ಸದಸ್ಯರು ಕೆಲವು ನೂರನ್ನೂ ದಾಟುವುದಿಲ್ಲ. 2010ರ ಹೊತ್ತಿಗೆ ಗೂಗಲ್ ಕಂಪನಿ ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು, ಬಂಗಾಳಿ ಮುಂತಾದ ಭಾಷೆಗಳಿಗೆ ಅನುವಾದಿಸಿ ಹಾಕಿಸಿತು. ಬಂಗಾಳಿ ಸಂಪಾದಕರು ಭಾಷೆ ಸರಿಯಿಲ್ಲವೆಂದು ಪ್ರತಿಭಟಿಸಿ ಅವುಗಳನ್ನು ತೆಗೆದುಹಾಕಿದರು. ಇಂಥ ರಾಶಿ ಒಂದೇ ಸಲ ಬಂದು ಬಿದ್ದಾಗ ಕೆಲವೇ ಕೈಗಳು ಎಷ್ಟನ್ನು ತಿದ್ದುತ್ತವೆ? ಕಾಲೇಜುಗಳಲ್ಲಿ ಅಂಕಕ್ಕಾಗಿ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಕಾರ್ಯಕ್ರಮಗಳ ಕಷ್ಟವೂ ಇದೇ. ಸೆಮಿಸ್ಟರ್ ಮುಗಿದ ಮೇಲೆ ವಿದ್ಯಾರ್ಥಿ ಬರುವುದಿಲ್ಲ, ಲೇಖನ ಅಲ್ಲೇ ಇರುತ್ತದೆ. ಬರೆಯುವವರಿಗೆ ಕಾರ್ಯಾಗಾರಗಳಿವೆ. ತಿದ್ದುವವರಿಗೂ ಇರಬೇಕು ಎಂಬುದು ನನ್ನ ವಾದ. ಎಐ ತಂತ್ರಾಂಶಗಳು ಭಾಷೆ ಕಲಿಯುವುದು ಇಂಥದೇ ಮುಕ್ತ ಪಠ್ಯದಿಂದ. ಇಲ್ಲಿ ಉಳಿದ ಒರಟು ವಾಕ್ಯ ನಾಳೆ ಅವುಗಳ ಬಾಯಲ್ಲಿ ಬರುತ್ತದೆ.

ನಿಮ್ಮ ಊರಿನ ಪುಟವನ್ನೋ ನೀವು ಕಲಿಸುವ ವಿಷಯದ ಪುಟವನ್ನೋ ಕನ್ನಡ ವಿಕಿಪೀಡಿಯದಲ್ಲಿ ತೆರೆದು ನೋಡಿ. ತಪ್ಪು ಖಂಡಿತ ಸಿಗುತ್ತದೆ. ಹೊಸ ಲೇಖನದ ಚಿಂತೆ ಸದ್ಯಕ್ಕೆ ಬೇಡ. ಮೇಲಿರುವ ‘ಸಂಪಾದಿಸಿ’ ಒತ್ತಿ, ಒಂದು ವಾಕ್ಯ ಸರಿಮಾಡಿ, ಆಧಾರಕ್ಕೆ ಪುಸ್ತಕದ ಹೆಸರು ಮತ್ತು ಪುಟಸಂಖ್ಯೆ ಹಾಕಿ. ಯಾರಾದರೂ ಅದನ್ನು ಅಳಿಸಿದರೆ ಸಿಟ್ಟಾಗದೆ ಚರ್ಚೆಯ ಪುಟದಲ್ಲಿ ಕಾರಣ ಕೇಳಿ.