ಸೂಜಿಯ ನೆರಳಿಗೆ ಎರಡು ಸಾವಿರ ಗಂಟೆ

ಭೌತವಿಜ್ಞಾನಿ ಜೆಫ್ರಿ ಟೇಲರ್ 1909ರಲ್ಲಿ ಪ್ರಕಟಿಸಿದ ಎರಡೇ ಪುಟದ ಪ್ರಬಂಧವನ್ನು ಈಚೆಗೆ ಮೂಲದಲ್ಲೇ ಓದಿದೆ. ಆ ಗುಂಗು ಇನ್ನೂ ಬಿಟ್ಟಿಲ್ಲ. ಅದರ ವಿಷಯ ವ್ಯತಿಕರಣ: ಬೆಳಕಿನ ಅಲೆಗಳು ಕೂಡಿ ಬೆಳಕು-ಕತ್ತಲೆಯ ಪಟ್ಟೆಗಳಾಗುವುದು. ಆ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಪಿಯುಸಿ ಪಠ್ಯದ ಜೋಡಿ ಸೀಳು. ಟೇಲರ್ ಪ್ರಯೋಗದಲ್ಲಿ ಅದಿಲ್ಲ, ಇರುವುದು ಒಂದು ಸೂಜಿ!

ಗ್ಯಾಸ್ ದೀಪ, ಒಂದು ಸೀಳು, ಮಸಿ ಹಿಡಿಸಿದ ಗಾಜುಗಳು, ಸೂಜಿ, ಅದರ ನೆರಳು ಬೀಳುವಲ್ಲಿ ಫೋಟೊ ಪ್ಲೇಟು. ಬೆಳಕು ಗಂಟುಗಂಟಾಗಿ ಬರುವುದಾದರೆ, ತೀರಾ ಮಂಕಾದಾಗ ನೆರಳಿನ ಪಟ್ಟೆಗಳು ಕಲಸಿಹೋಗಬೇಕು ಎಂಬುದು ಭೌತವಿಜ್ಞಾನಿ ಜೆ.ಜೆ. ಥಾಮ್ಸನ್ ಅವರ ಊಹೆ. ಟೇಲರ್ ಗಾಜು ಸೇರಿಸುತ್ತ ಬೆಳಕನ್ನು ಕುಗ್ಗಿಸುತ್ತ ಹೋದರು. ಕೊನೆಗೆ ಉಳಿದದ್ದು ಮೈಲಿಗೂ ತುಸು ಆಚೆ ಉರಿಯುವ ಮೇಣದಬತ್ತಿಯಷ್ಟು ಬೆಳಕು. ಆ ಚಿತ್ರಕ್ಕೆ 2000 ಗಂಟೆ, ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಪಟ್ಟೆಗಳು ಎಳ್ಳಷ್ಟೂ ಮಸುಕಾಗಲಿಲ್ಲ.

ಸೂಜಿಯ ಜಾಡು ಹಿಡಿದು ಇನ್ನೂ ಹಿಂದಕ್ಕೆ ಹೋದೆ. ಜೋಡಿ ಸೀಳಿಗೆ ಹೆಸರಾದ ಥಾಮಸ್ ಯಂಗ್ ಕೂಡ 1803ರಲ್ಲಿ ವಿವರಿಸಿದ್ದು ಬಿಸಿಲ ಕೋಲಿಗೆ ಅಡ್ಡ ಹಿಡಿದ ರಟ್ಟಿನ ಚೂರನ್ನು; ಅಗಲ ಅಂಗುಲದ ಮೂವತ್ತನೇ ಒಂದು ಭಾಗ. ಚೂರಿನ ಒಂದು ಮಗ್ಗುಲಿನ ಬೆಳಕನ್ನು ತಡೆದರೆ ಸಾಕು, ನೆರಳಿನೊಳಗಿನ ಪಟ್ಟೆಗಳು ಮಾಯ. ನನಗೆ ಇದು ಜೋಡಿ ಸೀಳಿಗಿಂತ ಇಷ್ಟ.

ಕ್ವಾಂಟಂ ಲೆಕ್ಕವೂ ಇಲ್ಲೇ ಅಡಗಿದೆ. ಚೂರಿನ ಎರಡು ಮಗ್ಗುಲು ಬೆಳಕಿಗೆ ಎರಡು ದಾರಿ. ಪ್ರತಿ ದಾರಿಗೂ ಆಂಪ್ಲಿಟ್ಯೂಡ್ ಎಂಬ ಸಂಖ್ಯೆ ಇರುತ್ತದೆ. ಮೊದಲು ಅವನ್ನು ಕೂಡಬೇಕು, ಆಮೇಲೆ ವರ್ಗ ಮಾಡಬೇಕು, ಬರುವುದೇ ಸಂಭವನೀಯತೆ. ಹೋಲಿಕೆಗಾಗಿ, ಒಂದೇ ದಾರಿಯಿದ್ದರೆ ಬರುವುದನ್ನು 1 ಎನ್ನೋಣ. ಎರಡೂ ತೆರೆದಿದ್ದರೆ ಒಂದೆಡೆ 1+1, ವರ್ಗ 4. ಇನ್ನೊಂದೆಡೆ 1–1, ಅಂದರೆ ಸೊನ್ನೆ. ಎರಡನೇ ದಾರಿ ತೆರೆದದ್ದಕ್ಕೇ ಮೊದಲು ಬರುತ್ತಿದ್ದ ಫೋಟಾನೂ (ಬೆಳಕಿನ ಒಂದು ಗಂಟು) ಅಲ್ಲಿಗೆ ಬಾರದು! ಯಾವ ದಾರಿಯಲ್ಲಿ ಹೋಯಿತೆಂಬ ಗುರುತು ಎಲ್ಲಾದರೂ ಉಳಿದರೆ ಮಾತ್ರ ಮೊದಲು ವರ್ಗ, ಆಮೇಲೆ ಕೂಡಿಕೆ: ಎಲ್ಲೆಡೆ 2, ಪಟ್ಟೆಯೇ ಇಲ್ಲ. ಆ ಗುರುತನ್ನು ಯಾರೂ ಓದಬೇಕಿಲ್ಲ. ಮನುಷ್ಯ ನೋಡಿದ್ದರಿಂದ ಜಗತ್ತು ಬದಲಾಯಿತು ಎಂಬ ಪ್ರವಚನಗಳನ್ನು ನಾನು ಒಪ್ಪುವುದಿಲ್ಲ.

ಒಂದು ಮಾತು ಹೇಳಲೇಬೇಕು. ದೀಪದ ಬೆಳಕು ಎಷ್ಟು ಮಂಕಾದರೂ ಒಂಟಿ ಫೋಟಾನಿಗೆ ಪುರಾವೆಯಲ್ಲ. ಹಳೆಯ ಅಲೆ ಸಿದ್ಧಾಂತವೂ ಅವೇ ಪಟ್ಟೆಗಳನ್ನು ಹೇಳುತ್ತದೆ. ಒಂಟಿ ಫೋಟಾನುಗಳಿಂದಲೇ ವ್ಯತಿಕರಣ ತೋರಿಸಿದ್ದು 1986ರಲ್ಲಿ, ಫ್ರಾನ್ಸಿನ ಗ್ರಾಂಜಿಯೆ, ರೋಜೆ, ಆಸ್ಪೆ. ಜಪಾನಿನಲ್ಲಿ ಅಕಿರಾ ತೊನೊಮುರಾ ಮತ್ತು ಸಂಗಡಿಗರು 1989ರಲ್ಲಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟು, ಚುಕ್ಕಿ ಸೇರಿ ಪಟ್ಟೆಯಾಗುವುದನ್ನು ಚಿತ್ರಿಸಿದರು.

ಮನೆಯಲ್ಲಿ ಲೇಸರ್ ಪಾಯಿಂಟರ್ ಇದ್ದರೆ ಅದರ ಕಿರಣಕ್ಕೆ ತಲೆಗೂದಲೊಂದನ್ನು ಅಡ್ಡ ಹಿಡಿದು, ಕತ್ತಲೆಯಲ್ಲಿ ಎದುರಿನ ಗೋಡೆಯ ಮೇಲೆ ಇಂಥ ಪಟ್ಟೆಗಳನ್ನು ನೀವೇ ನೋಡಿ. ಕಣ್ಣಿಗೆ ಮಾತ್ರ ಬೀಳಿಸಬೇಡಿ. ಮಕ್ಕಳನ್ನೂ ಕರೆಯಿರಿ.