ಸವೆಯುವ ಯಂತ್ರ, ಕಾಯದ ಕಬ್ಬು

ಬೆಳಗಾವಿ, ಬಾಗಲಕೋಟೆ ಕಡೆ ಹಂಗಾಮು ಶುರುವಾಯಿತೆಂದರೆ ಸಕ್ಕರೆ ಕಾರ್ಖಾನೆಗಳ ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ನುರಿಸಿದರೆ ಒಳ್ಳೆಯದು. ಆಮೇಲೆ ಅದು ಒಣಗಿ ಹಗುರಾಗುತ್ತದೆ, ಒಳಗಿನ ಸಕ್ಕರೆಯೂ ಒಡೆಯುತ್ತದೆ. ತೂಕ ಇಳಿದರೆ ನಷ್ಟ ರೈತನಿಗೆ, ಇಳುವರಿ ಇಳಿದರೆ ಕಾರ್ಖಾನೆಗೆ. ಹಾಗಾಗಿ ಹಗಲೂ ರಾತ್ರಿ ಮಿಲ್ ಓಡಲೇಬೇಕು. ಓಡುವ ಮಿಲ್ ಸವೆಯುತ್ತಲೂ ಇರುತ್ತದೆ.

ರಸ ಕುದಿಸಿ ಗಟ್ಟಿ ಮಾಡುವ ಇವ್ಯಾಪರೇಟರ್‌ಗಳನ್ನೇ ನೋಡಿ. ಎತ್ತರದ ಈ ಪಾತ್ರೆಗಳ ಹೊಟ್ಟೆಯಲ್ಲಿ ಸಾಲುಸಾಲು ಟ್ಯೂಬುಗಳು. ಟ್ಯೂಬಿನೊಳಗೆ ರಸ, ಸುತ್ತ ಹಬೆ. ರಸದಲ್ಲಿರುವ ಸುಣ್ಣ, ಸಿಲಿಕಾದಂಥ ಅಂಶಗಳು ಟ್ಯೂಬಿನ ಒಳಮೈಗೆ ಅಂಟುತ್ತವೆ, ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವ ಹಾಗೆ. ಯಂತ್ರ ಕೆಟ್ಟಿಲ್ಲ, ನಿಂತಿಲ್ಲ. ಆದರೆ ಅಷ್ಟೇ ರಸ ಗಟ್ಟಿಯಾಗಲು ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಬೇಕು. ಕಾಸ್ಟಿಕ್ ಸೋಡಾ ಹಾಕಿ ಕುದಿಸಿ, ಬ್ರಷ್ ಆಡಿಸಿದರೆ ಹಳೆಯ ವೇಗ ಮರಳುತ್ತದೆ. ಆದರೆ ತೊಳೆಯಲೆಂದು ಪದೇ ಪದೇ ನಿಲ್ಲಿಸಿದರೆ ಯಾರ್ಡಿನಲ್ಲಿ ಕಬ್ಬು ಒಣಗುತ್ತದೆ. ತಡಮಾಡಿದರೆ ಕೆಲಸವೆಲ್ಲ ತೆವಳುತ್ತದೆ. ಹಲವು ಕಾರ್ಖಾನೆಗಳು ಒಂದು ಪಾತ್ರೆಯನ್ನು ಹೆಚ್ಚುವರಿಯಾಗಿ ಇಟ್ಟುಕೊಂಡು ಸರದಿಯ ಮೇಲೆ ತೊಳೆಯುವುದು ಈ ಇಕ್ಕಟ್ಟಿಗೇ.

ಗಣಿತಜ್ಞರೂ ಈ ಲೆಕ್ಕಕ್ಕೆ ಕೈಹಾಕಿದ್ದಾರೆ. ಒಂದು ಕೆಲಸಕ್ಕೆ ಇಷ್ಟೇ ಸಮಯ ಎಂದು ಹಿಡಿಯುತ್ತಿದ್ದ ವೇಳಾಪಟ್ಟಿಯ ಸೂತ್ರಗಳ ಜೊತೆಗೆ, ತಡವಾಗಿ ಶುರುವಾದಷ್ಟೂ ಕೆಲಸ ಉದ್ದವಾಗುತ್ತದೆ ಎಂಬ ಸೂತ್ರಗಳು 1980ರ ದಶಕದ ಕೊನೆಯ ಹೊತ್ತಿಗೆ ಬಂದವು. ಮುಂದೆ ದುರಸ್ತಿಯ ಬಿಡುವನ್ನೂ ಅದೇ ಪಟ್ಟಿಗೆ ಸೇರಿಸಿದರು. ಮಿಲ್ಲಿನ ಶಿಫ್ಟ್ ಇಂಜಿನಿಯರ್‌ಗೆ ಇದು ಹೊಸ ವಿಷಯವೇನಲ್ಲ, ಬಿಡಿ.

ಹಾಗಾದರೆ ಇಷ್ಟು ದಿನಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ ನೋಡಿದರಾಯಿತಲ್ಲ?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಹಾಗೇ ಮಾಡುತ್ತಿತ್ತು. ಜಲಾಂತರ್ಗಾಮಿಗಳನ್ನು ಬೇಟೆಯಾಡುವ ಲಿಬರೇಟರ್ ವಿಮಾನಗಳಿಗೆ ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ. ಜೀವವಿಜ್ಞಾನಿ ಸಿ. ಎಚ್. ವಾಡಿಂಗ್ಟನ್ ಇದ್ದ ತಂಡ ದಾಖಲೆ ತಿರುವಿದಾಗ ಕಂಡಿದ್ದೇ ಬೇರೆ: ತಪಾಸಣೆ ಮುಗಿದ ಕೂಡಲೇ ರಿಪೇರಿಗಳು ಏರಿ, ಹಾರಾಡುತ್ತಾ ಹೋದಂತೆ ಇಳಿಯುತ್ತಿದ್ದವು. ಸರಿಯಿದ್ದದ್ದನ್ನು ಬಿಚ್ಚಿ ಜೋಡಿಸುವುದೇ ಹೊಸ ದೋಷಗಳನ್ನು ತರುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಕೊಟ್ಟ ವರದಿ ಇನ್ನೂ ಮುಂದೆ ಹೋಯಿತು. ಅವರು ನೋಡಿದ ಬಿಡಿಭಾಗಗಳಲ್ಲಿ ಶೇ. 89ಕ್ಕೆ ‘ಇಷ್ಟು ಗಂಟೆಗೆ ಬದಲಿಸು’ ಎಂಬ ನಿಯಮದಿಂದ ಪ್ರಯೋಜನವಿರಲಿಲ್ಲ.

ಹಾಗಾಗಿ ದಿನ ಎಣಿಸುವ ಬದಲು ಯಂತ್ರದ ಸ್ಥಿತಿ ನೋಡುವ ಪದ್ಧತಿ ಬೆಳೆಯಿತು. ಟರ್ಬೈನ್, ಗೇರ್‌ಬಾಕ್ಸ್‌ಗಳ ಅದುರುವಿಕೆಯನ್ನು ಸೆನ್ಸರ್ ಅಳೆಯುತ್ತದೆ. ಆಯಿಲ್ ಸ್ಯಾಂಪಲ್ಲಿನಲ್ಲಿ ಸಿಗುವ ಲೋಹದ ಪುಡಿ ಒಳಗಿನ ಸವೆತ ತಿಳಿಸುತ್ತದೆ. ಸಕ್ಕರೆ ಮಿಲ್ಲಿನಲ್ಲಿ ಕಬ್ಬು ಹಿಂಡುವ ರೋಲರ್‌ಗಳ ಮಟ್ಟಿಗೆ ಸುಳಿವು ಕೊಡುವುದು ಸಿಪ್ಪೆ. ಹಿಂಡಿ ಬಂದ ಸಿಪ್ಪೆಯ ತೂಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ನೀರಿರುತ್ತದೆ. ರೋಲರಿನ ಹಲ್ಲು ನುಣುಪಾಗಿ ಕಬ್ಬು ಜಾರತೊಡಗಿದರೆ ನೀರಿನ ಪಾಲು ಏರುತ್ತದೆ. ಅದೇ ಸಿಪ್ಪೆ ಬಾಯ್ಲರಿನ ಉರುವಲು. ಒದ್ದೆ ಸಿಪ್ಪೆಗೆ ಉರಿ ಮಂದ, ಉರಿ ಮಂದವಾದರೆ ಹಬೆ ಕಡಿಮೆ, ಹಬೆ ಕಡಿಮೆಯಾದರೆ ಮೊದಲೇ ಪೊರೆ ಕಟ್ಟಿದ ಇವ್ಯಾಪರೇಟರ್ ಇನ್ನಷ್ಟು ನಿಧಾನ. ರೋಲರಿನ ಹಲ್ಲು ಸರಿಪಡಿಸಲೆಂದು ಮಿಲ್ ನಿಲ್ಲಿಸಬೇಕಾಗಿಲ್ಲ. ರೋಲರ್ ತಿರುಗುತ್ತಿರುವಾಗಲೇ ವೆಲ್ಡರ್ ಅದರ ಹಲ್ಲುಗಳ ಮೇಲೆ ಗಟ್ಟಿ ಲೋಹದ ಚುಕ್ಕಿಗಳನ್ನಿಟ್ಟು ಹಿಡಿತ ಮರಳಿಸುತ್ತಾನೆ. ಪೂರ್ತಿ ಸವೆದ ರೋಲರ್ ಮಾತ್ರ ಹಂಗಾಮು ಮುಗಿದ ಮೇಲೆ ವರ್ಕ್‌ಶಾಪಿಗೆ ಹೋಗುತ್ತದೆ.