ಹೈಸ್ಕೂಲಿಗೆ ಕಾಲಿಟ್ಟ ಮಗುವಿಗೆ ಎಸ್ಸೆಸ್ಸೆಲ್ಸಿಯ ಲೆಕ್ಕ ಹೇಳಿಕೊಡೋಣ



ಏಳನೇ ತರಗತಿ ಮುಗಿಸಿದ ನಮ್ಮ ಹಳ್ಳಿಯ ಮಕ್ಕಳು ಜೂನ್ ತಿಂಗಳಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತುತ್ತಾರೆ. ಎಷ್ಟೋ ಮನೆಗಳಲ್ಲಿ ಹೈಸ್ಕೂಲು ನೋಡಿದ ಮೊದಲನೆಯ ವ್ಯಕ್ತಿ ಈ ಮಗುವೇ ಆಗಿರುತ್ತದೆ. ಮನೆಭೇಟಿಗೆ ಹೋದಾಗ "ಎಸ್ಸೆಸ್ಸೆಲ್ಸಿ ಪಾಸಾಗ್ಬೇಕಂದ್ರೆ ಏನೇನು ಬೇಕು?" ಎಂದು ನಾವು ಕೇಳುತ್ತೇವೆ. ಬಹುಪಾಲು ಸಿಗುವ ಉತ್ತರ ಒಂದೇ: "ಹತ್ತನೇ ಕ್ಲಾಸಲ್ಲಿ ಚೆನ್ನಾಗಿ ಓದ್ಬೇಕು, ಮೂವತ್ತೈದು ಬಂದ್ರೆ ಆಯ್ತಲ್ಲಾ ಸಿಸ್ಟರ್."

ಈ ಉತ್ತರ ತಪ್ಪಲ್ಲ, ಆದರೆ ಅದರಲ್ಲಿ ಅರ್ಧ ವಿಷಯ ಮಾತ್ರ ಇದೆ. ಪಾಸಾಗುವುದು ಹತ್ತನೇ ತರಗತಿಯ ಕೊನೆಯ ಕೆಲವು ದಿನಗಳಲ್ಲಿ ತೀರ್ಮಾನವಾಗುವ ವಿಷಯವಲ್ಲ. ಅದಕ್ಕೆ ಕೆಲವು ಷರತ್ತುಗಳಿವೆ. ಅವು ಗುಟ್ಟಿನ ವಿಷಯಗಳೂ ಅಲ್ಲ, ಶಾಲೆಯಲ್ಲಿ ಕೇಳಿದರೆ ಯಾರಾದರೂ ಹೇಳುತ್ತಾರೆ. ಆದರೆ ಕೇಳಬೇಕು ಅಂತ ಗೊತ್ತಿರಬೇಕಲ್ಲ! ಮನೆಯಲ್ಲಿ ಓದಿದವರಿದ್ದರೆ ಮಗುವಿಗೆ ಇದು ಊಟದ ಹೊತ್ತಿನ ಮಾತಿನಲ್ಲೇ ತಿಳಿದುಬಿಡುತ್ತದೆ. ಓದಿದವರಿಲ್ಲದ ಮನೆಯ ಮಗುವಿಗೆ ಹೇಳುವವರು ಯಾರು? ಆ ಕೆಲಸವನ್ನು ನಾವೂ ನೀವೂ ಸೇರಿ ಮಾಡಬೇಕು.

ಇನ್ನೊಂದು ಕಾರಣವೂ ಇದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ನಿಂತಿತು. ಅದರಿಂದ ಮಕ್ಕಳು ಶಾಲೆ ಬಿಡುವುದು ಕಡಿಮೆಯಾಗಲಿ ಎಂಬುದೇ ಉದ್ದೇಶ, ಒಳ್ಳೆಯದೇ. ಆದರೆ ಮಗು ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಲೇ ಇರುವುದರಿಂದ, 'ಪಾಸಾಗಲು ಇಷ್ಟು ಬೇಕು' ಎಂಬ ಮಾತು ಅದರ ಕಿವಿಗೆ ಮೊದಲು ಬೀಳುವುದೇ ಹತ್ತನೇ ತರಗತಿಯಲ್ಲಿ. ಅಷ್ಟರಲ್ಲಿ ತಡವಾಗಿರುತ್ತದೆ.

ಈ ಸರ್ಟಿಫಿಕೇಟು ಯಾಕೆ ಬೇಕು?

ಪಿ.ಯು.ಸಿ.ಗೆ ಸೇರಲು, ಮೂರು ವರ್ಷದ ಡಿಪ್ಲೊಮಾ ಮಾಡಲು, ಐ.ಟಿ.ಐ.ಯ ಹೆಚ್ಚಿನ ಟ್ರೇಡುಗಳಿಗೆ ಸೇರಲು ಎಸ್ಸೆಸ್ಸೆಲ್ಸಿ ಬೇಕು. ನಮ್ಮ ಊರಿನ ಅಂಚೆ ಕಚೇರಿಯಲ್ಲಿ ಗ್ರಾಮೀಣ ಡಾಕ್ ಸೇವಕರಾಗಲು ಹತ್ತನೇ ತರಗತಿ ಪಾಸಾಗಿರಬೇಕು. ಕೆಲಸಕ್ಕೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನಾಂಕಕ್ಕೆ ತೋರಿಸುವ ದಾಖಲೆಯೂ ಬಹಳ ಸಲ ಇದೇ ಅಂಕಪಟ್ಟಿ. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಮೊದಲು ಹತ್ತನೇ ತರಗತಿಗೆ ಒಂದು, ಪಿ.ಯು.ಸಿ.ಗೆ ಒಂದು ಎಂದು ಬೇರೆ ಬೇರೆಯಾಗಿ ನಡೆಯುತ್ತಿದ್ದ ಪರೀಕ್ಷಾ ವ್ಯವಸ್ಥೆ 2022ರಲ್ಲಿ ಈ ಒಂದೇ ಮಂಡಳಿಯ ಕೆಳಗೆ ಬಂತು.

ಇನ್ನು ಒಂದೊಂದೇ ಷರತ್ತನ್ನು ನೋಡೋಣ.

1. ಅಂಕದ ಲೆಕ್ಕ

ಬಹಳ ವರ್ಷ ನಮ್ಮಲ್ಲಿ ಪಾಸು ಎಂದರೆ ನೂರಕ್ಕೆ 35. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಇದನ್ನು ಬದಲಿಸಿ, 2025-26ನೇ ಸಾಲಿನಿಂದ ಹೊಸ ಲೆಕ್ಕ ಎಂದು ಪ್ರಕಟಿಸಿತು. ಆ ಪ್ರಕಟಣೆ ಬಂದಾಗ ಇದ್ದ ಕ್ರಮ ಹೀಗಿತ್ತು: ಪ್ರಥಮ ಭಾಷೆಗೆ 125 ಅಂಕ, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ತಲಾ 100, ಒಟ್ಟು 625.

ಪಾಸಾಗಲು ಎರಡು ಗೆರೆಗಳನ್ನು ದಾಟಬೇಕು.

ಮೊದಲನೆಯದು, ಪ್ರತಿ ವಿಷಯದಲ್ಲೂ ನೂರಕ್ಕೆ ಕನಿಷ್ಠ 30 ಬರಬೇಕು.

ಎರಡನೆಯದು, ಎಲ್ಲ ವಿಷಯ ಸೇರಿ ನೂರಕ್ಕೆ 33, ಅಂದರೆ 625ಕ್ಕೆ 206 ಅಂಕ ಬರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. "ಎಲ್ಲಾದ್ರಲ್ಲೂ ಮೂವತ್ತು ಬಂದ್ರೆ ಸಾಕು" ಎಂದುಕೊಂಡರೆ ಮೋಸ ಹೋಗುತ್ತೇವೆ. ಎಲ್ಲ ವಿಷಯದಲ್ಲೂ ಸರಿಯಾಗಿ ನೂರಕ್ಕೆ 30ರಂತೆ ಬಂದರೆ ಒಟ್ಟು 188ರ ಹತ್ತಿರ ಆಗುತ್ತದೆ. 206ಕ್ಕೆ ಇನ್ನೂ 18 ಕಡಿಮೆ! ಆದ್ದರಿಂದ ಮಗುವಿಗೆ ಇಷ್ಟವಾದ, ಸುಲಭವಾದ ಎರಡು ಮೂರು ವಿಷಯಗಳಲ್ಲಿ ಹೆಚ್ಚು ಅಂಕ ತೆಗೆಯಲೇಬೇಕು. ಕಷ್ಟದ ವಿಷಯವನ್ನು ಬಿಡಬಾರದು, ಸುಲಭದ ವಿಷಯವನ್ನು ಅಲಕ್ಷ್ಯ ಮಾಡಬಾರದು. ಹೊಸ ಲೆಕ್ಕದ ಸಾರ ಇಷ್ಟೇ.

ಒಂದು ಮಾತು ನೆನಪಿರಲಿ. ಇವತ್ತು ಎಂಟನೇ ತರಗತಿಗೆ ಸೇರಿದ ಮಗು ಪರೀಕ್ಷೆ ಬರೆಯುವುದು ಮೂರನೇ ವರ್ಷದಲ್ಲಿ. ಅಷ್ಟರಲ್ಲಿ ನಿಯಮ ಮತ್ತೆ ಬದಲಾಗಬಹುದು. ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಮೂರು ಭಾಷೆಯ ಬದಲು ಎರಡು ಭಾಷೆ ಸಾಕು ಎಂದು ಶಿಫಾರಸು ಮಾಡಿದೆ. ಹಾಗಾಗಿ ಪ್ರತಿ ವರ್ಷ ಜೂನ್‌ನಲ್ಲಿ "ಈ ವರ್ಷದ ಸುತ್ತೋಲೆ ಏನು ಹೇಳುತ್ತೆ ಸಾರ್?" ಎಂದು ಮುಖ್ಯೋಪಾಧ್ಯಾಯರನ್ನೇ ಕೇಳಿ. ಪಕ್ಕದ ಮನೆಯವರ ಮಾತು, ಮೊಬೈಲಿನಲ್ಲಿ ಬಂದ ಸಂದೇಶ ನಂಬಿ ಕೂರಬೇಡಿ.

2. ಆಂತರಿಕ ಅಂಕ

ಒಟ್ಟು 625ರಲ್ಲಿ 125 ಅಂಕ ಪರೀಕ್ಷಾ ಕೊಠಡಿಯಲ್ಲಿ ಬರುವುದಲ್ಲ. ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಅಂಕವನ್ನು ಶಾಲೆಯೇ ಕೊಡುತ್ತದೆ. ಹತ್ತನೇ ತರಗತಿಯಲ್ಲಿ ವರ್ಷವಿಡೀ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಅಂದರೆ ಮಕ್ಕಳು 'ಎಫ್.ಎ.' ಎನ್ನುವ ಕಿರುಪರೀಕ್ಷೆ ಮತ್ತು ಚಟುವಟಿಕೆಗಳಿಂದ ಈ ಅಂಕ ಬರುತ್ತದೆ. ಎಂಟು, ಒಂಬತ್ತರಲ್ಲೂ ಇದೇ ರೀತಿ ಮೌಲ್ಯಮಾಪನ ನಡೆಯುವುದರಿಂದ ಮಗು ಅಲ್ಲಿಯೇ ಅಭ್ಯಾಸ ಮಾಡಿಕೊಳ್ಳಬಹುದು.

ಮನೆಯವರು ಇದನ್ನು ಹಗುರವಾಗಿ ಕಾಣುವುದು ನಾವು ನೋಡಿದ್ದೇವೆ. ಮಗು ಚಾರ್ಟು ಬರೆಯಲು ಹಾಳೆ ಕೇಳಿದರೆ "ಇದೆಲ್ಲಾ ಯಾಕೆ, ಪುಸ್ತಕ ಓದು" ಎಂದು ಗದರುತ್ತಾರೆ. ಎಫ್.ಎ. ಪರೀಕ್ಷೆಯ ದಿನವೇ ಮದುವೆಗೆ ಕರೆದುಕೊಂಡು ಹೋಗುತ್ತಾರೆ. ಒಟ್ಟು ಅಂಕದಲ್ಲಿ ಐದರಲ್ಲಿ ಒಂದು ಪಾಲು ಇದು. ಆ ಪಾಲನ್ನು ಪೂರ್ತಿ ಗಳಿಸಿಕೊಂಡ ಮಗು ಕೊನೆಯ ಪರೀಕ್ಷೆಗೆ ಧೈರ್ಯದಿಂದ ಹೋಗುತ್ತದೆ. ಹಾಳೆಗೆ ಕೊಡುವ ಹತ್ತು ರೂಪಾಯಿ ದಂಡ ಅಲ್ಲ.

3. ಹಾಜರಾತಿ

ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಾತಿ ಇರಬೇಕು. ಶಾಲೆ ವರ್ಷಕ್ಕೆ 220 ದಿನ ನಡೆಯಿತು ಎಂದಿಟ್ಟುಕೊಂಡರೆ 165 ದಿನ ಮಗು ಶಾಲೆಯಲ್ಲಿರಬೇಕು. 55 ದಿನ ರಜೆ ಹಾಕಬಹುದಲ್ಲ ಎಂದು ನೀವು ಅಂದುಕೊಳ್ಳಬಹುದು. ಆದರೆ ಕಾಫಿ ಹಣ್ಣು ಕೊಯ್ಲು, ಕಬ್ಬಿನ ಕಟಾವು, ಊರ ಜಾತ್ರೆ, ಚಿಕ್ಕ ಮಗು ನೋಡಿಕೊಳ್ಳುವುದು, ಜ್ವರ – ಎಲ್ಲ ಸೇರಿದರೆ 55 ದಿನ ತುಂಬಲು ಹೆಚ್ಚು ಹೊತ್ತು ಬೇಕಿಲ್ಲ. ಅದರಲ್ಲೂ ಹೆಣ್ಣುಮಕ್ಕಳ ರಜೆ ಬಿಡಿ ಬಿಡಿಯಾಗಿ, ಯಾರ ಲೆಕ್ಕಕ್ಕೂ ಸಿಗದಂತೆ ಸೇರುತ್ತಾ ಹೋಗುತ್ತದೆ.

ಕೂಲಿಗಾಗಿ ಊರು ಬಿಡುವ ಕುಟುಂಬದವರು ಮಗುವನ್ನು ಜೊತೆಗೆ ಕರೆದೊಯ್ಯುವ ಮೊದಲು ಶಾಲೆಯಲ್ಲಿ ಮಾತಾಡಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಹೈಸ್ಕೂಲು ಮಕ್ಕಳಿಗೆ ಊಟ ವಸತಿ ಇದೆ. ಅರ್ಜಿ ಹಾಕುವ ಕಾಲ ವರ್ಷದ ಆರಂಭ.

4. ಹೆಸರು ಮತ್ತು ಹುಟ್ಟಿದ ದಿನಾಂಕ

ಇದು ಪಾಸು ಫೇಲಿನ ವಿಷಯವಲ್ಲ, ಆದರೆ ಆಮೇಲೆ ಅತಿ ಹೆಚ್ಚು ಓಡಾಡಿಸುವ ವಿಷಯ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರುವ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನಾಂಕ, ಇನಿಷಿಯಲ್ಲೇ ಅಂಕಪಟ್ಟಿಗೆ ಹೋಗುತ್ತದೆ. ಒಂದನೇ ತರಗತಿಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ದಿನಾಂಕ, ಆಧಾರ್ ಕಾರ್ಡಿನಲ್ಲಿ ಒಂದು ಶಾಲೆಯಲ್ಲಿ ಇನ್ನೊಂದು ಇರುವ ಹೆಸರು – ಇಂಥವು ಇದ್ದರೆ ಎಂಟನೇ ತರಗತಿಯಲ್ಲೇ ಜನನ ಪ್ರಮಾಣಪತ್ರ ಹಿಡಿದು ಶಾಲೆಗೆ ಹೋಗಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

5. ಒಮ್ಮೆ ಫೇಲಾದರೆ ಎಲ್ಲ ಮುಗಿಯಿತೇ?

ಖಂಡಿತ ಇಲ್ಲ. ಇದನ್ನು ನಾವು ಎಷ್ಟು ಸಲ ಹೇಳಿದರೂ ಸಾಲದು. ಫಲಿತಾಂಶದ ದಿನ ಮಕ್ಕಳು ದುಡುಕುವುದಕ್ಕೆ, ಹುಡುಗರು ಗಾರೆ ಕೆಲಸಕ್ಕೆ ಹೋಗಿಬಿಡುವುದಕ್ಕೆ, ಹುಡುಗಿಯರಿಗೆ ಗಂಡು ಹುಡುಕಲು ಶುರು ಮಾಡುವುದಕ್ಕೆ ಈ ತಪ್ಪು ತಿಳುವಳಿಕೆಯೇ ಕಾರಣವಾಗುತ್ತದೆ.

2024ರಿಂದ 'ಪೂರಕ ಪರೀಕ್ಷೆ' ಎಂಬ ಹೆಸರು ಹೋಯಿತು. ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಆ ವರ್ಷ ಮೂರು ಅವಕಾಶಗಳನ್ನು ಕೊಟ್ಟರು. ಪಾಸಾದವರೂ ಹೆಚ್ಚು ಅಂಕಕ್ಕಾಗಿ ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು ಎಂದರು. ಯಾವ ವರ್ಷ ಎಷ್ಟು ಪರೀಕ್ಷೆ ಎಂಬುದನ್ನು ಆ ವರ್ಷದ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಫೇಲಾದ ಮಗು ಎಲ್ಲ ವಿಷಯವನ್ನೂ ಮತ್ತೆ ಬರೆಯಬೇಕಿಲ್ಲ, ಹೋದ ವಿಷಯ ಮಾತ್ರ ಬರೆದರಾಯಿತು. ಅಂಕ ಕಡಿಮೆ ಬಂದಿದೆ ಎಂದು ಅನುಮಾನ ಇದ್ದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿ ನೋಡಬಹುದು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಇವಕ್ಕೆಲ್ಲ ಕೊನೆಯ ದಿನಾಂಕ ಇರುತ್ತದೆ. ಅಳುತ್ತಾ ಕೂತು ಆ ದಿನ ಕಳೆದುಕೊಳ್ಳಬಾರದು.

ಶಾಲೆ ಬಿಟ್ಟ ಮಕ್ಕಳಿಗೂ ಬಾಗಿಲು ತೆರೆದಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 14 ವರ್ಷ ತುಂಬಿದವರು ಹತ್ತನೇ ತರಗತಿ ಮಾಡಬಹುದು. ಐ.ಟಿ.ಐ.ಯಲ್ಲಿ ಎಂಟನೇ ತರಗತಿ ಪಾಸಾದವರಿಗೂ ಕೆಲವು ಟ್ರೇಡುಗಳಿವೆ. ಇನ್ನು ಹೆಣ್ಣಿಗೆ 18, ಗಂಡಿಗೆ 21 ತುಂಬುವ ಮೊದಲು ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಅಂಥದ್ದು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

6. ಅಂಗವಿಕಲ ಮಕ್ಕಳಿಗೆ

ಕಣ್ಣು ಕಾಣದ, ಕಿವಿ ಕೇಳದ, ಕೈ ಸ್ವಾಧೀನವಿಲ್ಲದ, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ಹೆಚ್ಚಿನ ಸಮಯ, ಹೇಳಿದ್ದನ್ನು ಬರೆಯಲು ಲಿಪಿಕಾರರು ಮುಂತಾದ ರಿಯಾಯಿತಿಗಳಿವೆ. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಶಾಲೆಯ ಮೂಲಕವೇ ಅನುಮತಿ ಪಡೆಯಬೇಕು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ. ಎಂಟು, ಒಂಬತ್ತರಲ್ಲೇ ಪ್ರಮಾಣಪತ್ರ ಮಾಡಿಸಿಡಿ.

"ನಮ್ಗೆ ಓದೋಕೆ ಬರಲ್ಲ, ನಾವೇನ್ ಮಾಡೋದು?"

ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಓದು ಬಾರದ ತಾಯಿಯೂ ಮಾಡಬಹುದಾದ ಕೆಲಸಗಳಿವೆ.

• ಜೂನ್‌ನಲ್ಲಿ ನಡೆಯುವ ಸೇತುಬಂಧ ತರಗತಿಗೆ ಮಗುವನ್ನು ತಪ್ಪಿಸಬೇಡಿ. ಹಿಂದಿನ ತರಗತಿಯಲ್ಲಿ ಬಿಟ್ಟುಹೋದದ್ದನ್ನು ಕಲಿಸುವುದು ಆಗಲೇ. ಮಗ್ಗಿ, ಭಾಗಾಕಾರ, ತಡವರಿಸದೆ ಓದುವುದು – ಇವು ಬಾರದೆ ಹತ್ತನೇ ತರಗತಿಯ ಗಣಿತ ಏರುವುದಿಲ್ಲ.

• ಗೋಡೆಯ ಕ್ಯಾಲೆಂಡರಿನಲ್ಲಿ ಮಗು ಶಾಲೆಗೆ ಹೋಗದ ದಿನಕ್ಕೆ ಒಂದು ಗೆರೆ ಎಳೆಯಿರಿ. ತಿಂಗಳ ಕೊನೆಗೆ ಗೆರೆ ಎಣಿಸಿ. ನಾಲ್ಕು ದಾಟಿದರೆ ಎಚ್ಚರವಾಗಿ.

• ಪ್ರತಿ ಎಫ್.ಎ. ಮುಗಿದ ಮೇಲೆ ಶಾಲೆಗೆ ಹೋಗಿ "ನಮ್ ಮಗೂಗೆ ಯಾವುದರಲ್ಲಿ ಕಷ್ಟ ಇದೆ ಮೇಡಂ?" ಎಂದು ಕೇಳಿ. ಅಂಕ ಎಷ್ಟು ಎಂಬುದಕ್ಕಿಂತ ಈ ಪ್ರಶ್ನೆ ಮುಖ್ಯ.

• ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳು ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಬಹುದು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಈ ಬಗ್ಗೆ ಶಾಲೆಯಲ್ಲಿ ವಿಚಾರಿಸಿ.

• ಸಂಜೆ ಒಂದು ಗಂಟೆ ಟಿ.ವಿ., ಮೊಬೈಲು ಆರಿಸಿ. ಆ ಹೊತ್ತಿನಲ್ಲಿ ಮಗುವಿಗೆ ಬೇರೆ ಕೆಲಸ ಹೇಳಬೇಡಿ.

ಸ್ವಸಹಾಯ ಸಂಘಗಳೂ ಒಂದು ಹೆಜ್ಜೆ ಮುಂದೆ ಬರಬಹುದು. ಜೂನ್ ತಿಂಗಳ ಒಂದು ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹೈಸ್ಕೂಲಿನ ಒಬ್ಬರು ಶಿಕ್ಷಕರನ್ನು ಕರೆಸಿ, ಈ ಆರು ವಿಷಯಗಳನ್ನು ಅವರ ಬಾಯಲ್ಲೇ ಕೇಳಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ಊರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಅಣ್ಣ, ಅಕ್ಕ ಇದ್ದರೆ ಅವರೂ ಬರಲಿ. ಮಕ್ಕಳು ನಮ್ಮ ಮಾತಿಗಿಂತ ಅವರ ಮಾತನ್ನು ಬೇಗ ನಂಬುತ್ತಾರೆ.

ಕೊನೆಯದಾಗಿ ಒಂದು ಮಾತು. ಪಾಸಾಗುವ ಗೆರೆ ಕೆಳಗಿಳಿಯಿತು ಎಂದು ಕಲಿಕೆಯನ್ನೂ ಕೆಳಗಿಳಿಸಬಾರದು. 206 ಅಂಕ ಸರ್ಟಿಫಿಕೇಟು ಕೊಡುತ್ತದೆ; ಪಿ.ಯು.ಸಿ.ಯ, ಡಿಪ್ಲೊಮಾದ ಪಾಠ ಅರ್ಥವಾಗಲು ಅದಕ್ಕಿಂತ ಹೆಚ್ಚು ಕಲಿತಿರಬೇಕು. ಆದರೆ ಸರ್ಟಿಫಿಕೇಟೇ ಇಲ್ಲದಿದ್ದರೆ ಆ ಬಾಗಿಲುಗಳ ಹತ್ತಿರ ಹೋಗುವುದೇ ಕಷ್ಟ. ಮೂರು ವರ್ಷ ಮೊದಲೇ ದಾರಿ ಗೊತ್ತಾದ ಮಗು ಗಾಬರಿಯಾಗದೆ ನಡೆಯುತ್ತದೆ. ದಾರಿ ತೋರಿಸಲು ನಮಗೆ ಹಣ ಬೇಕಿಲ್ಲ, ದೊಡ್ಡ ಓದೂ ಬೇಕಿಲ್ಲ. ಈ ಜೂನ್‌ನಲ್ಲಿ ನಿಮ್ಮ ಬೀದಿಯಿಂದ ಹೈಸ್ಕೂಲಿಗೆ ಹೊರಟ ಮಕ್ಕಳು ಎಷ್ಟು ಜನ ಎಂದು ಎಣಿಸಿ, ಅವರ ಮನೆಗೆ ಹೋಗಿ ಇಷ್ಟು ವಿಷಯ ಹೇಳಿ ಬನ್ನಿ.